ಕೌದಿಯ ಹೊಟ್ಟೆ ಕೊಯ್ದವರು

ಬರೆಯಲು ಕುಳಿತದ್ದು ಫೆಬ್ರುವರಿ ೯, ಸೋಮವಾರ, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ. ಜಾಗ, ಮಹಾರಾಷ್ಟ್ರದ ಗಡಿಯೂರು ಉಮದಿಯ ನಮ್ಮ ಮನೆಯ ಪಡಸಾಲೆ. ಎದುರಿಗೆ ನಾನು ನಾಲ್ಕನೇ ಇಯತ್ತೆಯಿಂದ ಬರೆದಿಟ್ಟ ಹದಿನೇಳು ವಹಿಗಳಿವೆ. ಈ ಅಧ್ಯಾಯಕ್ಕೆ ಬೇಕಾದದ್ದು ಮೂರನೆಯದು ಮಾತ್ರ. ಅದರ ಕೊನೆಯ ಪುಟದಲ್ಲಿ, ಹನ್ನೊಂದು ವರ್ಷದವಳಿದ್ದಾಗ, ಕೆಂಪು ಶಾಯಿಯಲ್ಲಿ ‘ಮರೆಯಬಾರದವರು’ ಎಂದು ಬರೆದು, ಅಡಿಗೆರೆ ಎಳೆದು, ಕೆಳಗೆ ಮೂರು ಹೆಸರು ಬರೆದಿದ್ದೆ. ಬಾಲ್ಯದ ಮನೆಯ ಬಗ್ಗೆ ಬರೆಯುವವರು ಪ್ರೀತಿಯಿಂದ ಬರೆಯುತ್ತಾರೆ. ನನಗೆ ಈ ಮನೆಯ ಮೇಲೆ ಪ್ರೀತಿ ಇಲ್ಲವೆಂದಲ್ಲ. ಆದರೆ ಇವತ್ತು ನಾನು ಬರೆಯುತ್ತಿರುವುದು ಆ ಮೂರು ಹೆಸರುಗಳಿಗಾಗಿ. ನನ್ನನ್ನು ನಾನಾಗಿ ಮಾಡಿದ್ದು ಆ ಪುಟ.

ನಮ್ಮ ಮನೆಗೆ ಮೂರೇ ಅಂಕಣ. ಮುಂದೆ ಪಡಸಾಲೆ, ಹಿಂದೆ ಅಡುಗೆಮನೆ, ನಡುವೆ ದೇವರ ಜಗಲಿಯೂ ಜೋಳದ ಚೀಲಗಳೂ ಇರುವ ಕತ್ತಲೆಯ ಕೋಣೆ. ಮೇಲೆ ಮಣ್ಣಿನ ಮಾಳಿಗೆ. ಪಡಸಾಲೆಯ ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇತ್ತು. ಅದರಿಂದ ಬಿದ್ದ ಬಿಸಿಲಿನ ತುಂಡು ಬೆಳಿಗ್ಗೆ ಪಶ್ಚಿಮದ ಗೋಡೆಯಿಂದ ಇಳಿದು, ನೆಲದ ಮೇಲೆ ನಡೆದು, ಸಂಜೆಗೆ ನಡುಕೋಣೆಯ ಹೊಸ್ತಿಲು ಮುಟ್ಟುತ್ತಿತ್ತು. ಅವ್ವ ಆ ಬಿಸಿಲಿನ ಹಿಂದೆಯೇ ಸರಿಯುತ್ತ ಕೌದಿ ಹೊಲಿಯುತ್ತಿದ್ದಳು. ಬೆಳಿಗ್ಗೆ ಗೋಡೆಗೆ ಒರಗಿ ಕುಳಿತವಳು ಮಧ್ಯಾಹ್ನ ಪಡಸಾಲೆಯ ನಡುವೆ ಇರುತ್ತಿದ್ದಳು. ಅಪ್ಪ ಎಸ್.ಟಿ. ಬಸ್ಸಿನ ಡ್ರೈವರ್, ವಾರಕ್ಕೆ ಎರಡು ದಿನ ಮನೆಗೆ ಬರುವವನು. ಉಳಿದ ಐದು ದಿನ ಮನೆ ಅವ್ವನದು, ಅವಳ ಜೊತೆ ಹೊಲಿಯಲು ಬರುತ್ತಿದ್ದ ಓಣಿಯ ಹೆಂಗಸರದು. ತೊಲೆಗೆ ಎರಡು ಹಗ್ಗ ಕಟ್ಟಿ ಬಿದಿರಿನ ಗಳ ತೂಗುಹಾಕಿದ್ದರು. ಮನೆಯ ಕೌದಿಗಳು ಅದರ ಮೇಲೆ ಇರುತ್ತಿದ್ದವು. ನಾನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಎಣಿಸುತ್ತಿದ್ದೆ. ಒಂಬತ್ತು. ಎಣಿಸಲು ಯಾರೂ ಹೇಳಿರಲಿಲ್ಲ. ಹಣದ ಲೆಕ್ಕ ಅಪ್ಪನ ತಮ್ಮ ಸಿದರಾಯ ಕಾಕಾನದು, ಉಳಿದ ಎಲ್ಲದರ ಲೆಕ್ಕ ನನ್ನದು ಎಂದು ನಾನೇ ತೀರ್ಮಾನ ಮಾಡಿಕೊಂಡಿದ್ದೆ.

ಕೌದಿ ಹೊಲಿಯುವುದನ್ನು ನೋಡದವರಿಗಾಗಿ ಹೇಳುತ್ತೇನೆ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ಚೂರುಗಳನ್ನು ಇಡುತ್ತ, ಅಂಚಿನಿಂದ ಶುರು ಮಾಡಿ ಸುತ್ತುತ್ತ ಸುತ್ತುತ್ತ ಒಳಗೆ ಬರುತ್ತಾರೆ. ಕೊನೆಗೆ ನಟ್ಟನಡುವೆ ಅಂಗೈಯಷ್ಟು ಜಾಗ ಉಳಿಯುತ್ತದೆ. ಅದಕ್ಕೆ ನಮ್ಮಲ್ಲಿ ಹೊಟ್ಟೆ ಎನ್ನುತ್ತಾರೆ. ಆ ಕೊನೆಯ ಚೂರನ್ನು ಇಟ್ಟು ಮುಚ್ಚುವ ಮೊದಲು ಅವ್ವ ಒಣಗಿದ ಜೋಳದ ರೊಟ್ಟಿಯಿಂದ ಉಗುರಿನಷ್ಟು ಮುರಿದು, ಅರಿಶಿನ ಹಚ್ಚಿ, ಒಳಗೆ ಇಡುತ್ತಿದ್ದಳು. ಮೊದಲ ಸಲ ಕೇಳಿದಾಗ ನನಗೆ ಆರು ವರ್ಷ.

“ರೊಟ್ಟಿ ಯಾಕವ್ವಾ?”

“ಹೊಟ್ಟಿ ಖಾಲಿ ಇಟ್ಟ ಮುಚ್ಚಬಾರದವಾ. ಕೌದಿ ಉಪಾಸ ಮಲಗಿದ್ರ ಹೊದ್ದವರಿಗಿ ಗೊತ್ತಾಗತೈತಿ.”

“ಹೆಂಗ ಗೊತ್ತಾಗತೈತಿ?”

“ನೀ ಉಪಾಸ ಮಲಗಿದ್ರ ನನಗ ಗೊತ್ತಾಗಂಗಿಲ್ಲೇನ? ಹಂಗ.”

ಗಳದ ಮೇಲಿನ ಒಂಬತ್ತರಲ್ಲಿ ಒಂದು ನನ್ನದು. ಅವ್ವನ ಅವ್ವ, ದರಿಬಡಚಿಯ ಅಮ್ಮ, ನಾನು ಹುಟ್ಟುವ ಮೊದಲೇ ನನಗಾಗಿ ಹೊಲಿಯಲು ಶುರು ಮಾಡಿದ್ದು. ನನಗೆ ಆಕೆಯ ಮುಖ ನೆನಪಿಲ್ಲ, ಕೌದಿ ನೆನಪಿದೆ. ಅಂಚಿನಿಂದ ಹೊಟ್ಟೆಯವರೆಗೆ ನಲವತ್ತೊಂದು ಸಾಲು ಹೊಲಿಗೆ. ಇಪ್ಪತ್ತಮೂರನೆಯ ಸಾಲು ಒಂದು ಕಡೆ ಗಕ್ಕನೆ ಸೊಟ್ಟಗಾಗಿ ಮತ್ತೆ ನೇರವಾಗುತ್ತದೆ. ಅವ್ವನಿಗೆ ನೋವು ಶುರುವಾದ ಸುದ್ದಿ ಬಂದಾಗ ಅಮ್ಮ ಆ ಸಾಲಿನಲ್ಲಿದ್ದಳಂತೆ. ಸೂಜಿ ಚುಚ್ಚಿದ್ದು ಚುಚ್ಚಿದ ಹಾಗೇ ಎದ್ದು ಬಂದಳಂತೆ. ಹೊಟ್ಟೆಯ ಮೇಲಿನ ಚೂರು ಅವ್ವ ಚಿಕ್ಕವಳಿದ್ದಾಗ ತೊಡುತ್ತಿದ್ದ ಹಸಿರು ಪರಕಾರದ್ದು, ಒಂದು ಬದಿಗೆ ಕೆಂಪು ಅಂಚು. ಮಲಗುವಾಗ ನಾನು ಹೆಬ್ಬೆರಳಿನಿಂದ ಆ ಚೂರಿನ ಕೆಳಗಿನ ರೊಟ್ಟಿಯನ್ನು ಒತ್ತಿ ನೋಡುತ್ತಿದ್ದೆ. ಗಟ್ಟಿಯಾಗಿ ಇರುತ್ತಿತ್ತು. ಇದೆ ಎಂದು ಗೊತ್ತಾದ ಮೇಲೆ ನಿದ್ದೆ.

ಪುಣೆಯ ಮ್ಯಾಡಮ್ಮನನ್ನು ನಮ್ಮ ಮನೆಗೆ ಕರೆತಂದವನು ಸಿದರಾಯ ಕಾಕಾ. ಪೇಟೆಯಲ್ಲಿ ಅವನದೊಂದು ಅರಿವೆ ಅಂಗಡಿ ಇತ್ತು. ಸೊಲ್ಲಾಪುರಕ್ಕೆ ಮಾಲು ತರಲು ಹೋದಾಗ ಪರಿಚಯವಾಯಿತಂತೆ. ಹಳ್ಳಿಯ ಹೆಂಗಸರ ಕೈಯಿಂದ ಹೊಲಿಸಿ ಪರದೇಶಕ್ಕೆ ಕಳಿಸುವ ಕಂಪನಿ ಅವಳದು. ಒಂದು ಗುರುವಾರ ಬೆಳಿಗ್ಗೆ ಹತ್ತೂವರೆಗೆ ಬಿಳಿ ಕಾರು ಬಂದು ನಿಂತಿತು. ಮ್ಯಾಡಮ್ಮನ ಜೊತೆ ಡೆನ್ಮಾರ್ಕಿನ ಒಬ್ಬ ಹೆಂಗಸು ಇಳಿದಳು. ಕೌದಿಗಳ ವಿನ್ಯಾಸ ಮಾಡಿ ಅಲ್ಲಿ ಮಾರುವವಳು. ಅವಳ ಹೆಸರಿಗೆ ನಮ್ಮ ನಾಲಿಗೆ ಹೊರಳಲಿಲ್ಲ. ಅವ್ವನ ಜೊತೆ ಹೊಲಿಯುತ್ತಿದ್ದ ಮಾಡಗ್ಯಾಳದ ಲಕ್ಕವ್ವ, ಎಪ್ಪತ್ತು ಕುರಿಗಳಿಗೂ ಒಂದೊಂದು ಹೆಸರು ಇಟ್ಟಿದ್ದವಳು, ಐದು ನಿಮಿಷದಲ್ಲಿ ಈಕೆಗೂ ಇಟ್ಟಳು.

“ಬೆಳ್ಳವ್ವ ಅನ್ರಿ ಸಾಕು. ನಮ್ಮ ದೊಡ್ಡಿಯೊಳಗೂ ಒಂದ ಬೆಳ್ಳವ್ವ ಐತಿ, ಅದೂ ಹಿಂಗ ಎಲ್ಲಾದಕ್ಕೂ ಮೂತಿ ಹಚ್ಚಿ ನೋಡತೈತಿ.”

ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. ಬೆಳ್ಳವ್ವನೂ ನಕ್ಕಳು. ನಗುವಿಗೆ ಯಾರೂ ಅನುವಾದ ಮಾಡಲಿಲ್ಲ. ಆ ಭೇಟಿ ಒಟ್ಟು ಎರಡು ತಾಸು ಹತ್ತು ನಿಮಿಷ, ಚಹಾ ಹದಿನಾಲ್ಕು ಕಪ್ಪು, ಚುರುಮುರಿಯ ಸುಸಲಾ ಐದು ತಾಟು. ನಾನು ಜೋಳದ ಚೀಲದ ಮೇಲೆ ಕುಳಿತು ಮೂರನೆಯ ವಹಿಯಲ್ಲಿ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದೆ. ಅವ್ವನಿಗೆ ಮರಾಠಿ ಬರುತ್ತಿತ್ತು, ನಮ್ಮಲ್ಲಿ ಬರದವರು ಯಾರು? ಅವ್ವ ಮರಾಠಿಯಲ್ಲಿ ಮ್ಯಾಡಮ್ಮನಿಗೆ, ಮ್ಯಾಡಮ್ಮ ಇಂಗ್ಲಿಷಿನಲ್ಲಿ ಬೆಳ್ಳವ್ವನಿಗೆ. ಇಂಗ್ಲಿಷು ನನಗೆ ಗೊತ್ತಿರಲಿಲ್ಲ. ಆದರೆ ಕೇಳಿದ್ದನ್ನು ಕೇಳಿದ ಹಾಗೆ ಬರೆಯುವ ಚಟ ಇತ್ತು. ಅರ್ಥವಾಗದ್ದನ್ನೂ ಕನ್ನಡ ಅಕ್ಷರದಲ್ಲಿ ಸದ್ದಿಗೆ ಸದ್ದು ಕೂಡಿಸಿ ಬರೆದೆ. ಈ ಒಂದು ಚಟಕ್ಕಾಗಿ ನನಗೆ ನಾನು ಇಂದಿಗೂ ಕೃತಜ್ಞಳಾಗಿದ್ದೇನೆ.

ಬೆಳ್ಳವ್ವ ಗಳದ ಮೇಲಿನ ಕೌದಿಗಳನ್ನು ಒಂದೊಂದಾಗಿ ಬಿಡಿಸಿ ನೋಡಿ, ಕೊನೆಗೆ ನನ್ನದನ್ನು ಕೈಯಲ್ಲಿ ಹಿಡಿದು ಬಿಡಲೇ ಇಲ್ಲ. ನಡುವೆ ಒತ್ತಿದಳು, ರೊಟ್ಟಿ ಬೆರಳಿಗೆ ಸಿಕ್ಕಿತು, ಕಣ್ಣರಳಿಸಿ ಏನೋ ಕೇಳಿದಳು. ಅವ್ವ ಸಂಭ್ರಮದಿಂದ ಹೊಟ್ಟೆಯ ವಿಷಯ ಎಲ್ಲಾ ಹೇಳಿದಳು. ಬಿಚ್ಚಿ ನೋಡಬಹುದೇ ಎಂದು ಮ್ಯಾಡಮ್ಮ ಮರಾಠಿಯಲ್ಲಿ ಕೇಳಿದಳು, ಮಾದರಿಗೆ ಎರಡು ತಿಂಗಳು ಒಯ್ಯುತ್ತೇವೆ ಎಂದಳು. ಅವ್ವ ಕೌದಿಯ ಒಂದು ತುದಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಕಾಕಾ ಕಣ್ಣಿನಲ್ಲೇ ಬೇಡಿಕೊಂಡ. ಓಣಿಯ ಹನ್ನೆರಡು ಹೆಂಗಸರಿಗೆ ಕೆಲಸ ಸಿಗುವುದಿತ್ತು. ಅವ್ವ ಎರಡು ಮಾತು ಹೇಳಿದಳು. ಮರಾಠಿಯಲ್ಲಿ ಹೇಳಿದ್ದರಿಂದ ನನಗೆ ಪೂರ್ತಿ ತಿಳಿಯಿತು. ಒಂದು, ಇದು ನಮ್ಮವ್ವನ ಕೈಯದು, ಹೊಟ್ಟೆ ಬಿಚ್ಚಬೇಡಿ. ಎರಡು, ನಾಗರಪಂಚಮಿಯೊಳಗೆ ತಿರುಗಿ ಕೊಡಿ. ಮ್ಯಾಡಮ್ಮ ತಲೆಯಾಡಿಸಿ, ಬೆಳ್ಳವ್ವನ ಕಡೆ ತಿರುಗಿ, ನಗುತ್ತ, ಹೀಗೆ ಅಂದಳು. ನನ್ನ ವಹಿಯಲ್ಲಿ ಇರುವುದು ಇದು: ‘ಶಿ ಈಸ್ ವೆರಿ ಹ್ಯಾಪಿ. ಶಿ ಸೇಸ್ ಪ್ಲೀಸ್ ಓಪನ್ ಇಟ್. ಶಿ ಈಸ್ ಗಿವಿಂಗ್ ಇಟ್ ಟು ಯು.’ ಬೆಳ್ಳವ್ವ ಎರಡೂ ಕೈಯಿಂದ ಅವ್ವನ ಕೈ ಹಿಡಿದು ಕಣ್ಣಲ್ಲಿ ನೀರು ತಂದುಕೊಂಡಳು. ಅವ್ವ ತುದಿಯನ್ನು ಬಿಟ್ಟಳು.

ಆ ಸಂಜೆ ಎಣಿಸಿದಾಗ ಎಂಟು.

ಕೆಲಸ ಬಂತು. ಹನ್ನೆರಡು ಕೌದಿ, ಎಲ್ಲವೂ ಬಿಳಿ ಮತ್ತು ಬೂದಿ ಬಣ್ಣದ್ದು, ಬೇರೆ ಚೂರು ಒಂದೂ ಸೇರಬಾರದು. ಬಟ್ಟೆಯೂ ಅವರೇ ಕಳಿಸಿದರು. ಪಡಸಾಲೆಯಲ್ಲಿ ಬೂದಿ ಬಣ್ಣ ಹರಡಿದ ದಿನ ಹೆಂಗಸರು ಸುತ್ತ ನಿಂತು ನೋಡಿದರು.

“ಯಾರರ ಸತ್ತಾರೇನ ಅವರ ಮನ್ಯಾಗ?” ಲಕ್ಕವ್ವ ಕೇಳಿದಳು. “ಹನ್ನೆರಡೂ ಮನ್ಯಾಗ ಒಮ್ಮೆಲೆ?”

“ಅವರ ಊರಾಗ ವರ್ಷಪೂರ್ತಿ ಮೋಡ ಅಂತ. ಮೋಡ ನೋಡಿ ನೋಡಿ ಅದ ಚಂದ ಅನಸಿರಬೇಕು,” ಅಂದಳು ಅವ್ವ. “ಹೊಲೀರಿ ಲಗೂನ. ಬಣ್ಣ ಅವರದು, ಕೈ ನಮ್ಮದು.”

ನಾಲ್ಕು ತಿಂಗಳು ಹೊಲಿದರು. ಆ ನಾಲ್ಕು ತಿಂಗಳ ಊಟ ನನಗೆ ಇನ್ನೂ ಬಾಯಲ್ಲಿದೆ, ಯಾಕೆಂದರೆ ಎಲ್ಲರೂ ರೊಟ್ಟಿ ಕಟ್ಟಿಕೊಂಡು ನಮ್ಮಲ್ಲಿಗೇ ಬರುತ್ತಿದ್ದರು. ಒಬ್ಬರದು ಪುಂಡಿಪಲ್ಯ, ಒಬ್ಬರದು ಬದನೆಕಾಯಿ ಎಣ್ಣೆಗಾಯಿ, ಲಕ್ಕವ್ವನದು ಗಡಿಗೆಯ ತುಂಬ ಗಟ್ಟಿ ಮಜ್ಜಿಗೆ. ಉಣ್ಣುವಾಗ ಬೆಳ್ಳವ್ವನ ವಿಷಯ ಬಂದೇ ಬರುತ್ತಿತ್ತು. ಅವಳಿಗೆ ಮಕ್ಕಳೆಷ್ಟು, ಅಷ್ಟು ಚಳಿಯಲ್ಲಿ ಜಳಕ ಹೇಗೆ, ಮಜ್ಜಿಗೆ ಸಿಗುತ್ತದೋ ಇಲ್ಲವೋ. ಹನ್ನೆರಡಕ್ಕೂ ಹೊಟ್ಟೆ ಮುಚ್ಚುವ ದಿನ ಬಂದಾಗ ಅವ್ವ ಉಗುರಿನಷ್ಟು ರೊಟ್ಟಿ ಮುರಿದು, ನೋಡಿ, ತಟ್ಟೆಗೆ ಹಾಕಿಬಿಟ್ಟಳು.

“ಇಷ್ಟ ಸಾಲಂಗಿಲ್ಲ. ಸಮುದ್ರ ದಾಟಿ ಹೋಗೋವು. ದಾರಿಗಿ ಬುತ್ತಿ ಬೇಕು.”

ಹೀಗೆ ಹೇಳಿ ಎರಡು ಬೆರಳಷ್ಟು ಅಗಲದ ರೊಟ್ಟಿ, ಅದರ ಮೇಲೆ ಶೇಂಗಾ ಹಿಂಡಿಯ ಚಟ್ನಿಪುಡಿ, ಬಾಳೆ ಎಲೆಯ ಒಣಗಿದ ಚೂರಿನಲ್ಲಿ ಸುತ್ತಿ, ಒಂದೊಂದರ ಒಳಗೆ ಇಟ್ಟಳು. ಲಕ್ಕವ್ವ ಬೆಳ್ಳುಳ್ಳಿಯ ಒಂದು ಎಸಳೂ ಇರಲಿ ಎಂದಳು, ಅವ್ವ ಒಪ್ಪಲಿಲ್ಲ. ನನ್ನ ವಹಿಯಲ್ಲಿ ಆ ದಿನದ ಕೊನೆಯ ಸಾಲು, ‘ಬುತ್ತಿ ೧೨.’ ಶೇಂಗಾಕ್ಕೆ ಎಣ್ಣೆ ಇರುತ್ತದೆ, ಎಣ್ಣೆಗೆ ಹುಳ ಬರುತ್ತದೆ. ಮನೆಯ ಡಬ್ಬಿಯಲ್ಲಿಟ್ಟ ಹಿಂಡಿಯ ವಿಷಯದಲ್ಲಿ ಇದು ಗೊತ್ತಿದ್ದ ಅವ್ವನಿಗೆ ಕೌದಿಯಲ್ಲಿಟ್ಟ ಹಿಂಡಿಯ ವಿಷಯದಲ್ಲಿ ನೆನಪಾಗಲಿಲ್ಲ. ಪ್ರಯಾಣಕ್ಕೆ ಹೊರಟವರ ಕೈಗೆ ಕೊಟ್ಟದ್ದನ್ನು ಅವರು ತಿನ್ನದೆ ಇಡುತ್ತಾರೆ ಎಂಬ ಯೋಚನೆಯೇ ನಮ್ಮ ಮನೆಯಲ್ಲಿ ಯಾರಿಗೂ ಬರುವಂಥದ್ದಲ್ಲ. ತಪ್ಪು ನಮ್ಮದೇ. ಅದನ್ನೂ ಬರೆದಿಡುತ್ತೇನೆ, ಲೆಕ್ಕ ಸರಿಯಿರಬೇಕು.

ಪುಣೆಯ ಗೋದಾಮಿನಲ್ಲಿ ಮಳೆಗಾಲ ಕಳೆದು ಕೌದಿಗಳು ತಿರುಗಿ ಬಂದವು. ಸಾಂಗಲಿಯಲ್ಲಿ ಒಂದು ಗೋಣಿಚೀಲವನ್ನು ಎಸ್.ಟಿ.ಗೆ ಹಾಕಿದ್ದರು. ಅದು ಅಪ್ಪನದೇ ಬಸ್ಸು. ಒಳಗೆ ಏನಿದೆ ಎಂದು ತಿಳಿಯದೆ ಅಪ್ಪನೇ ಹೆಗಲ ಮೇಲೆ ಹೊತ್ತು ಮನೆಗೆ ತಂದ. ಮಧ್ಯಾಹ್ನ ಮೂರಕ್ಕೆ ಪಡಸಾಲೆಯಲ್ಲಿ ಚೀಲ ಬಿಚ್ಚಿದರು. ಹನ್ನೆರಡೂ ಇದ್ದವು. ಹನ್ನೆರಡರ ಹೊಟ್ಟೆಯನ್ನೂ ಬ್ಲೇಡಿನಿಂದ ಉದ್ದಕ್ಕೆ ಕೊಯ್ದಿದ್ದರು. ಬುತ್ತಿ ತೆಗೆದಿದ್ದರು. ಕೊಯ್ದ ಬಾಯಿಗಳು ಹಾಗೇ ತೆರೆದಿದ್ದವು. ಚೀಲದಲ್ಲಿ ಮರಾಠಿಯ ಒಂದು ಚೀಟಿ. ಕಾಕಾ ಗಟ್ಟಿಯಾಗಿ ಓದಿದ. ಒಳಗೆ ‘ಕಚರಾ’, ಅಂದರೆ ಕಸ, ಸಿಕ್ಕಿದೆ, ನುಸಿ ಬಿದ್ದಿದೆ, ಇಂಥ ಹೆಂಗಸರ ಜೊತೆ ಇನ್ನು ಕೆಲಸವಿಲ್ಲ. ಹನ್ನೊಂದು ಹೆಂಗಸರು ಅದನ್ನು ಕೇಳುತ್ತ ನಿಂತಿದ್ದರು.

“ವೈನಿ, ಇದು ದೊಡ್ಡ ಮಂದಿ ವ್ಯವಹಾರ,” ಅಂದ ಕಾಕಾ. “ರೊಟ್ಟಿ ಹಿಂಡಿ ಕಟ್ಟಿ ಕಳಸಾಕ ಅದೇನ ಬೀಗರ ಮನೀನ?”

“ಬೀಗರ ಮನಿಗಿ ಕಳಿಸಿದ್ರ ಹಿಂಡಿ ಚಲೋ ಆಗಿತ್ತು ಅಂತಿದ್ರು.”

“ನಗಬ್ಯಾಡ್ರಿ. ನನ್ನ ಮಾರಿ ಮ್ಯಾಲ ಉಗುಳಿದಂಗ ಆಗೇತಿ. ನಿಮ್ಮ ಕೈಲೆ ಈ ಓಣಿಯ ಅನ್ನ ಹೋತು.”

ಅವ್ವ ನಗುತ್ತಿರಲಿಲ್ಲ. ಕೌದಿಗಳನ್ನು ಒಂದೊಂದಾಗಿ ತೊಡೆಯ ಮೇಲೆ ಹಾಕಿಕೊಂಡು ಕೊಯ್ದ ಬಾಯಿಯನ್ನು ಬೆರಳಿನಿಂದ ಮುಚ್ಚಿ ನೋಡುತ್ತಿದ್ದಳು. ಹೆಂಗಸರು ತಮ್ಮ ತಮ್ಮ ಕೈಯ ಕೌದಿ ಗುರುತಿಸಿ ಎತ್ತಿಕೊಂಡು ಹೋದರು. ಅವ್ವ ತನ್ನದನ್ನು ಗಳದ ಮೇಲೆ ಹಾಕಲಿಲ್ಲ. ಒಬ್ಬಳು ಹೊಸ್ತಿಲಲ್ಲಿ ನಿಂತು, “ಶಾಂತವ್ವಾ, ನಿನ್ನ ಬುತ್ತಿ ನಮ್ಮ ಕೈನೆಲ್ಲಾ ಕಚರಾ ಮಾಡಿಬಿಟ್ಟಿತು” ಎಂದಳು. ಆ ಮೇಲೆ ನಮ್ಮ ಪಡಸಾಲೆಗೆ ಹೊಲಿಯಲು ಬಂದವಳು ಲಕ್ಕವ್ವ ಒಬ್ಬಳೇ. ಅವಳೂ ಸುಮ್ಮನೆ ಕುಳಿತು ಹೋಗುತ್ತಿದ್ದಳು, ಅವ್ವ ಸೂಜಿ ಹಿಡಿಯುತ್ತಿರಲಿಲ್ಲವಾದ್ದರಿಂದ. ಬಿಸಿಲಿನ ತುಂಡು ತನ್ನಷ್ಟಕ್ಕೆ ನೆಲದ ಮೇಲೆ ನಡೆದುಹೋಗುತ್ತಿತ್ತು. ಪಂಚಮಿ ಎಂದೋ ದಾಟಿತ್ತು. ನನ್ನ ಕೌದಿ ಬರಲಿಲ್ಲ. ಕಾಕಾ ಫೋನ್ ಮಾಡಿದರೆ ಮ್ಯಾಡಮ್ಮ ಎತ್ತಲಿಲ್ಲ. ಆ ವಾರ ಕೊನೆಯ ಪುಟ ಬರೆದೆ. ಒಂದು, ಪುಣೆಯ ಮ್ಯಾಡಮ್. ಎರಡು, ಬೆಳ್ಳವ್ವ. ಮೂರು, ಕಾಕಾ.

ಕೈಗೆ ಸಿಗುವವನು ಕಾಕಾ ಒಬ್ಬನೇ ಆದ್ದರಿಂದ ಅಲ್ಲಿಂದಲೇ ಶುರು ಮಾಡಿದೆ. ಅವನು ದಿನಾ ಬೆಳಿಗ್ಗೆ ಅಂಗಡಿಗೆ ಹೋಗುವ ಮೊದಲು ನಮ್ಮಲ್ಲಿ ಚಹಾ ಕುಡಿಯುತ್ತಿದ್ದ, ಕಪ್ಪು ತಂದುಕೊಡುವವಳು ನಾನು. ಒಂದು ಚಮಚ ಉಪ್ಪು ಹಾಕಿ ಕೊಟ್ಟೆ. ಅವನು ಕುಡಿದು ಕಪ್ಪು ಕೆಳಗಿಟ್ಟು ಹೋದ. ಮರುದಿನ ಒಂದೂವರೆ ಚಮಚ. ಹೀಗೆ ಹನ್ನೊಂದು ದಿನ, ವಹಿಯಲ್ಲಿ ಹನ್ನೊಂದು ಗೀಟು. ಹನ್ನೆರಡನೆಯ ದಿನ ಅವ್ವ ಉಪ್ಪಿನ ಡಬ್ಬಿಯ ಹತ್ತಿರ ನನ್ನ ಕೈ ಹಿಡಿದಳು. ಆ ಕಪ್ಪನ್ನು ಕಾಕಾನ ಮುಂದೆಯೇ ನನಗೆ ಕುಡಿಸಲು ಹೊರಟಳು.

“ಬಿಡ್ರಿ ವೈನಿ,” ಅಂದ ಕಾಕಾ. “ಹನ್ನೊಂದ ಕಪ್ಪ ಕುಡದೀನಿ. ಇನ್ನೊಂದ ನನಗ ಭಾರ ಆಗಂಗಿಲ್ಲ.”

ಅವ್ವನ ಕೈಯಿಂದ ಕಪ್ಪು ತೆಗೆದುಕೊಂಡು ನಿಂತಲ್ಲೇ ಕುಡಿದ. ಮೊದಲ ದಿನದಿಂದ ಅವನಿಗೆ ಗೊತ್ತಿತ್ತು. ಅವತ್ತೇ ಮೂರನೆಯ ಹೆಸರನ್ನು ಹೊಡೆದುಹಾಕಿದೆ. ಉಳಿದ ಇಬ್ಬರು ದೂರ ಇದ್ದರು. ಅವರ ಹತ್ತಿರ ಹೋಗುವ ದಾರಿ ಇಂಗ್ಲಿಷು. ನಮ್ಮ ಶಾಲೆಯಲ್ಲಿ ಉಳಿದ ಮಕ್ಕಳು ಇಂಗ್ಲಿಷನ್ನು ಪಾಸಾಗಲು ಕಲಿತರು. ನಾನು ಕುಡಗೋಲು ಮಸೆಯುವ ಹಾಗೆ ಕಲಿತೆ, ದಿನಕ್ಕೆ ಹತ್ತು ಶಬ್ದ, ಭಾನುವಾರ ಇಪ್ಪತ್ತು. ಮೊದಲ ದೀಪಾವಳಿಗೆ ಮೂರನೆಯ ವಹಿಯ ಆ ಸದ್ದುಗಳನ್ನು ಓದಲು ಪ್ರಯತ್ನಿಸಿದೆ, ಆಗಲಿಲ್ಲ. ಎರಡನೆಯ ದೀಪಾವಳಿಗೆ ಓದಿದೆ. ‘ಆಕೆಗೆ ಬಹಳ ಖುಷಿಯಾಗಿದೆ. ದಯವಿಟ್ಟು ಬಿಚ್ಚಿ ಅನ್ನುತ್ತಾಳೆ. ಅದನ್ನು ನಿಮಗೆ ಕೊಟ್ಟುಬಿಡುತ್ತಿದ್ದಾಳೆ.’ ಅವ್ವ ಅಂದದ್ದು ಎರಡು ಮಾತು, ಮ್ಯಾಡಮ್ಮ ಎರಡನ್ನೂ ಉಲ್ಟಾ ಮಾಡಿದ್ದಳು. ಅದೂ ನಗುತ್ತ, ಯಾರ ಮನಸ್ಸಿಗೂ ನೋವಾಗದ ಹಾಗೆ. ಅವ್ವನಿಗೆ ಓದಿ ಹೇಳಿದೆ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸದೆ, “ಹಂಗಾದ್ರ ಬೆಳ್ಳವ್ವ ಅವತ್ತ ಕಣ್ಣಾಗ ನೀರ ತಂದಿದ್ದು ಖರೇನ ಐತಿ” ಎಂದಳು. ಅಷ್ಟೇ. ಬೆಳ್ಳವ್ವನ ಹೆಸರನ್ನು ಹೊಡೆಯುವ ಮನಸ್ಸು ನನಗಾಗಲಿಲ್ಲ. ಅವಳು ಅವ್ವನನ್ನೇ ಒಂದು ಮಾತು ಕೇಳಬಹುದಿತ್ತು. ಅವ್ವ ತುದಿ ಹಿಡಿದುಕೊಂಡದ್ದನ್ನು ಕಣ್ಣಿನಿಂದ ನೋಡಿದ್ದಳು. ಅದಕ್ಕೆ ಭಾಷೆ ಬೇಕಾಗಿರಲಿಲ್ಲ.

ಈಗ ನಾನು ಜತ್ತದಲ್ಲಿ ಮಕ್ಕಳಿಗೆ ಇಂಗ್ಲಿಷು ಕಲಿಸುತ್ತೇನೆ, ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಕಳೆದ ವರ್ಷ ಒಂದು ದಿನ ಬಸ್ಸಿನಲ್ಲೇ, ಬೆಳಿಗ್ಗೆ ಎಂಟೂಕಾಲಿಗೆ, ಮೊಬೈಲಿನಲ್ಲಿ ಮ್ಯಾಡಮ್ಮನ ಕಂಪನಿಯ ಪುಟ ಸಿಕ್ಕಿತು. ಕೌದಿಗಳ ಫೋಟೋ, ಎಲ್ಲಾ ಮೋಡದ ಬಣ್ಣ. ಮೇಲೆ ದೊಡ್ಡ ಅಕ್ಷರದಲ್ಲಿ, ನಮ್ಮ ಪ್ರತಿ ಕೌದಿಗೂ ಮುಚ್ಚುವ ಮೊದಲು ಊಟ ಮಾಡಿಸುತ್ತೇವೆ, ಇದು ಹಳ್ಳಿಯ ತಾಯಂದಿರ ಪುರಾತನ ಆಶೀರ್ವಾದ, ಎಂದಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ, ಸ್ವಚ್ಛತೆಯ ಕಾರಣಕ್ಕೆ ರೊಟ್ಟಿಯ ಬದಲು ರೊಟ್ಟಿಯ ಆಕಾರದ ಹತ್ತಿಯ ಬಿಲ್ಲೆ ಬಳಸುತ್ತೇವೆ, ಎಂದಿತ್ತು. ಹನ್ನೆರಡು ಹೊಟ್ಟೆ ಕೊಯ್ದು ಹೊರಗೆಸೆದ ಕಚರಾ ಈಗ ಆಶೀರ್ವಾದವಾಗಿ ಮಾರಾಟಕ್ಕಿತ್ತು. ಅದೇ ಪುಟದಲ್ಲಿ ಗಾಜಿನ ಚೌಕಟ್ಟಿನೊಳಗೆ ಗೋಡೆಗೆ ತೂಗುಹಾಕಿದ ಒಂದು ಅರ್ಧ ಕೌದಿಯ ಚಿತ್ರ. ಬೆರಳಿನಿಂದ ದೊಡ್ಡದು ಮಾಡಿ ಅಂಚಿನಿಂದ ಎಣಿಸಿದೆ. ಇಪ್ಪತ್ತಮೂರನೆಯ ಸಾಲು ಗಕ್ಕನೆ ಸೊಟ್ಟಗಾಗಿತ್ತು. ಇಳಿಯಬೇಕಾದಲ್ಲಿ ಇಳಿಯಲಿಲ್ಲ, ಎರಡು ನಿಲ್ದಾಣ ಮುಂದೆ ಹೋದೆ.

ಪುಟದ ಕೊನೆಯಲ್ಲಿ ವಿನ್ಯಾಸ ಮಾಡಿದವಳೆಂದು ಬೆಳ್ಳವ್ವನ ನಿಜವಾದ ಹೆಸರು ಇತ್ತು. ಹುಡುಕಿ ಬರೆದೆ. ಮ್ಯಾಡಮ್ಮ ಅಂದದ್ದು, ಅವ್ವ ಅಂದದ್ದು, ಎರಡನ್ನೂ ಎದುರುಬದುರು ಬರೆದು ಕಳಿಸಿದೆ. ಮೂರು ದಿನದಲ್ಲಿ ಉತ್ತರ ಬಂತು, ನಿಮ್ಮ ತಾಯಿಯ ಜೊತೆ ಮಾತಾಡಬೇಕು ಎಂದು. ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಮೊಬೈಲನ್ನು ಜೋಳದ ಚೀಲಕ್ಕೆ ಒರಗಿಸಿ ಇಟ್ಟೆ. ಅವ್ವ ಇಳಕಲ್ ಸೀರೆ ಉಟ್ಟು ಕುಳಿತಳು. ಪಕ್ಕದಲ್ಲಿ ಲಕ್ಕವ್ವ.

“ಅಯ್ಯ, ಎಷ್ಟ ಮುದುಕಿ ಆಗ್ಯಾಳ,” ಅಂದಳು ಲಕ್ಕವ್ವ. “ನಮ್ಮ ದೊಡ್ಡಿಯ ಬೆಳ್ಳವ್ವ ಸತ್ತ ಏಳ ವರ್ಷಾತು. ಇದನ್ನ ಹೇಳಬ್ಯಾಡ ಮತ್ತ.”

ಬೆಳ್ಳವ್ವನ ಇಂಗ್ಲಿಷು ನನ್ನದರಂತೆಯೇ ಕಲಿತದ್ದು. ಅದು ಅವಳ ಮನೆಮಾತಲ್ಲ ಎಂದು ಅವತ್ತೇ ನನಗೆ ಹೊಳೆದದ್ದು. ನಿಧಾನವಾಗಿ ಹೇಳಿದಳು. ಉಡುಗೊರೆ ಎಂದು ನಂಬಿದ್ದೆ. ಬಿಚ್ಚಿ ನೋಡಿ ಕಲಿತುಕೋ ಎಂದು ನೀವೇ ಅಂದಿರೆಂದು ನಂಬಿದ್ದೆ. ಎರಡು ತುಂಡಾಗಿ ಕತ್ತರಿಸಿದೆವು, ಒಂದು ನನ್ನ ಹತ್ತಿರ ಇದೆ, ಇನ್ನೊಂದನ್ನು ಪುಣೆಗೆ ಕಳಿಸಿದೆ. ಇದನ್ನು ಅವ್ವನಿಗೆ ಸರಿಯಾಗಿಯೇ ಹೇಳಿದೆ. ಅವ್ವ ಅಂದಳು:

“ನಮಗೂ ಒಂದ ಮಾತ ಕೇಳಬೇಕಾಗಿತ್ತು ಅನ್ನು. ಅಷ್ಟ. ಮತ್ತ ಊಟ ಆಗೇತೇನ ಕೇಳು.”

ಹದಿನೈದು ವರ್ಷ ಮಸೆದಿಟ್ಟದ್ದು ಇದಕ್ಕಾಗಿ ಆಗಿರಲಿಲ್ಲ. ನಾನು ಮೊಬೈಲಿನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೀಗೆ ಅಂದೆ. ಸತ್ತ ತನ್ನ ತಾಯಿಯ ಹೊಟ್ಟೆಯನ್ನೇ ನೀನು ಕೊಯ್ದೆ ಎಂದು ನನ್ನವ್ವ ಅನ್ನುತ್ತಾಳೆ. ಎಂದಿಗೂ ಕ್ಷಮಿಸುವುದಿಲ್ಲ ಅನ್ನುತ್ತಾಳೆ. ನಿನಗೆ ಒಳ್ಳೆಯ ನಿದ್ದೆ ಬಾರದಿರಲಿ ಅನ್ನುತ್ತಾಳೆ. ಬೆಳ್ಳವ್ವ ಬಾಯಿಗೆ ಕೈ ಇಟ್ಟುಕೊಂಡಳು. ಅವಳ ಭುಜ ಅಲುಗಾಡಿತು. ನನಗೆ ಎಷ್ಟು ಹಿತವಾಯಿತೆಂದರೆ, ಅದನ್ನು ಬರೆಯದಿದ್ದರೆ ಈ ಅಧ್ಯಾಯ ಸುಳ್ಳಾಗುತ್ತದೆ.

ಅವ್ವ ಪರದೆಯ ಹತ್ತಿರ ಬಗ್ಗಿದಳು.

“ಊಟ ಆಗೇತೇನ ಅಂದ್ರ ಅಳ್ತಾರೇನ ಅವರ ದೇಶದಾಗ?”

“ಅವರ ಕಡೆ ಹಂಗವ್ವಾ.”

ಅವ್ವ ನನ್ನನ್ನು ನೋಡಿದಳು.

ಐದು ವಾರದ ಮೇಲೆ ಪಾರ್ಸೆಲ್ ಬಂತು. ಒಳಗೆ ನನ್ನ ಅರ್ಧ ಕೌದಿ, ಗಾಜಿನಿಂದ ತೆಗೆದದ್ದು, ಒಂದು ಪತ್ರ. ಅವ್ವ ಕೌದಿಯನ್ನು ಮುಟ್ಟಲಿಲ್ಲ. ಮೊದಲು ಪತ್ರ ಓದು ಎಂದಳು. ಒಂದು ಸಾಲು ಓದಿ ಕನ್ನಡದಲ್ಲಿ ಹೇಳಿದೆ. ಎರಡನೆಯ ಸಾಲಿಗೆ ನಿಂತೆ. ಮೂರನೆಯ ಸಾಲನ್ನು ಬೇರೆ ಏನೋ ಮಾಡಿ ಹೇಳಬಹುದಿತ್ತು. ಹೇಗೆ ಎಂದು ಆಗಲೇ ಹೊಳೆದೂ ಇತ್ತು. ಅವ್ವ ನನ್ನ ತುಟಿಗಳನ್ನೇ ನೋಡುತ್ತಿದ್ದಳು.

“ಓದು ಸವೀ. ಇದ್ದದ್ದ ಇದ್ದಂಗ.”

ಓದಿದೆ. ‘ನಿಮ್ಮ ತಾಯಿ ಅಂದದ್ದು ಸರಿ. ಕ್ಷಮಿಸಬೇಕಾಗಿಲ್ಲ. ಅವರು ಹೇಳಿದ ಹಾಗೆ ನನಗೆ ನಿದ್ದೆ ಬರುತ್ತಿಲ್ಲ.’

ಅಡುಗೆಮನೆಯಲ್ಲಿ ಹಾಲು ಉಕ್ಕಿ ಒಲೆಗೆ ಬಿದ್ದ ವಾಸನೆ ಬಂತು. ಯಾರೂ ಏಳಲಿಲ್ಲ. ಆವತ್ತು ನಾನು ಏನು ಅಂದಿದ್ದೆ ಎಂದು ಹೇಳಿದೆ, ಒಂದು ಶಬ್ದ ಬಿಡದೆ. ಅವ್ವ ಬಯ್ಯುತ್ತಾಳೆ ಎಂದುಕೊಂಡಿದ್ದೆ.

“ನಿನ್ನ ಆ ಮೂರನೇ ವಹಿ ತಾ.”

ತಂದೆ. ಅವ್ವನಿಗೆ ಆ ಪುಟ ಗೊತ್ತಿತ್ತು, ಯಾವಾಗಿನಿಂದ ಗೊತ್ತಿತ್ತೋ. ಅಕ್ಷರ ಕೂಡಿಸಿ ಓದಿದಳು. ಮ್ಯಾಡಮ್. ಬೆಳ್ಳವ್ವ. ಗೀಟು ಹೊಡೆದ ಕಾಕಾ.

“ನಾಕನೇ ಸಾಲಿನಾಗ ನಿನ್ನ ಹೆಸರ ಬರಿ.”

“ಅವ್ವಾ…”

“ಮ್ಯಾಡಮ್ ಒಂದ ಸಲ ನನ್ನ ಬಾಯಾಗಿನ ಮಾತ ಕಸಗೊಂಡ್ಲು. ನೀ ಒಂದ ಸಲ ಕಸಗೊಂಡಿ. ಆಕಿ ಹೊರಗಿನಾಕಿ, ನಮ್ಮ ಸಂಕಟ ತಿಳೀಲಿಲ್ಲ ಅಂತ ಬಿಡಬಹುದು. ನೀ ನನ್ನ ಹೊಟ್ಯಾಗ ಹುಟ್ಟಿದಾಕಿ. ಬರಿ.”

ಬರೆದೆ, ಕೆಂಪು ಶಾಯಿಯಲ್ಲಿಯೇ. ಆಮೇಲೆ, ಆವತ್ತಿನ ಮಾತು ಅವ್ವನದಲ್ಲ ನನ್ನದು ಎಂದು, ಅವ್ವ ಹೇಳಿದ ಹಾಗೆ ಬೆಳ್ಳವ್ವನಿಗೆ ಪತ್ರ ಬರೆದೆ. ಅವಳ ಹೆಸರನ್ನು ಹೊಡೆದವಳು ಅವ್ವ, ನನ್ನ ಕೈಯಿಂದ ಪೆನ್ನು ತೆಗೆದುಕೊಂಡು. ನನ್ನ ಹೆಸರು ಇನ್ನೂ ಹಾಗೇ ಇದೆ. ಮ್ಯಾಡಮ್ಮನದೂ ಹಾಗೇ ಇದೆ. ಅವಳಿಗೆ ನಾಲ್ಕು ಸಲ ಬರೆದೆ, ಉತ್ತರವಿಲ್ಲ. ಐದನೆಯ ಸಲ ಒಂದೇ ಸಾಲು ಬಂತು, ಅಂಥ ವಸ್ತು ನಮ್ಮಲ್ಲಿ ಇಲ್ಲ, ಹಳೆಯ ಮಾದರಿಗಳನ್ನೆಲ್ಲ ಎಂದೋ ಮಾರಿದ್ದೇವೆ. ಅವಳನ್ನು ಕ್ಷಮಿಸು ಎಂದು ಅವ್ವನೂ ಹೇಳಿಲ್ಲ. ಅರ್ಧ ಕೌದಿ ಈಗ ಗಳದ ಮೇಲಿದೆ. ಹೊಟ್ಟೆಯ ಚೂರು ನಟ್ಟನಡುವೆ ಕತ್ತರಿಸಿದೆ, ಹಸಿರು ಮಾತ್ರ ನಮ್ಮ ಕಡೆ ಇದೆ, ಕೆಂಪು ಅಂಚು ಆ ಕಡೆ ಹೋಗಿದೆ. ಹರಿದ ಅಂಚಿನಲ್ಲಿ ಅವ್ವ ದಾರ ಪೋಣಿಸಿದ ಸೂಜಿ ಚುಚ್ಚಿಟ್ಟಿದ್ದಾಳೆ. ಅವಳು ಸೂಜಿಗೆ ದಾರ ಪೋಣಿಸಿದ್ದನ್ನು ನಾನು ಹದಿನೈದು ವರ್ಷಗಳಲ್ಲಿ ಮೊದಲ ಸಲ ನೋಡಿದೆ. ಇವತ್ತು ಬೆಳಿಗ್ಗೆ ಎಣಿಸಿದಾಗ ಎಂಟೂವರೆ.

ಆದ್ದರಿಂದ ಇದನ್ನು ಓದುತ್ತಿರುವವರಲ್ಲಿ ಒಂದು ಕೋರಿಕೆ. ಯಾವುದಾದರೂ ಅಂಗಡಿಯಲ್ಲಿ, ಹೋಟೆಲಿನ ಗೋಡೆಯ ಮೇಲೆ, ಗೊತ್ತಿದ್ದವರ ಮನೆಯಲ್ಲಿ ಒಂದು ಅರ್ಧ ಕೌದಿ ಕಂಡರೆ ಸುಮ್ಮನೆ ಹತ್ತಿರ ಹೋಗಿ. ಅಂಚಿನಿಂದ ಎಣಿಸಿ, ನಲವತ್ತೊಂದು ಸಾಲು ಇರಬೇಕು. ಕತ್ತರಿಸಿದ ಬದಿಯ ನಡುವೆ ಅರ್ಧ ಅಂಗೈಯಷ್ಟು ಹಸಿರು ಚೂರು, ಅದಕ್ಕೆ ಕೆಂಪು ಅಂಚು ಇರಬೇಕು. ಹೆಬ್ಬೆರಳಿನಿಂದ ಒತ್ತಿ ನೋಡಿ, ಗಟ್ಟಿಯಾಗಿ ಏನಾದರೂ ಸಿಕ್ಕರೂ ಸಿಗಬಹುದು. ಊರು, ಜಾಗ, ದಿನ, ಗಂಟೆ ಬರೆದು ಈ ಪುಸ್ತಕದ ಪ್ರಕಾಶಕರ ಮೂಲಕ ನನಗೆ ತಿಳಿಸಿ. ಕೌದಿ ಯಾರ ಬಳಿ ಇದೆಯೋ ಅವರಿಗೆ ನೀವು ಬರೆಯುತ್ತಿರುವ ವಿಷಯ ಹೇಳಬೇಡಿ, ಉಳಿದದ್ದನ್ನು ನಾನು ನೋಡಿಕೊಳ್ಳುತ್ತೇನೆ. ಇಷ್ಟು ಬರೆದು ಅವ್ವನಿಗೆ ಓದಿ ಹೇಳಿದೆ. ಕೊನೆಗೆ ಇನ್ನೊಂದು ಸಾಲು ಸೇರಿಸು ಎಂದಳು. ಅದು ಯಾರ ಮನೆಯಲ್ಲಿದ್ದರೂ, ಅವರಿಗೆ ಊಟ ಆಗಿದೆಯೇ ಎಂದು ಕೇಳಬೇಕಂತೆ. ಅವ್ವ ಅಂದದ್ದನ್ನು ಅಂದ ಹಾಗೆಯೇ ಬರೆದಿದ್ದೇನೆ.